ಬೆಟ್ಟದ ಎತ್ತರ ಬಿಡಿ, ಏರು ನೋಡಿ

‘ನಂದಿಬೆಟ್ಟ ಹತ್ತಿದೀನಿ, ಕುಮಾರಪರ್ವತ ಏನ್ ಮಹಾ?’ ಅಂತ ಕೇಳೋರು ಜಾಸ್ತಿ. ಲೆಕ್ಕ ನೋಡಿ. ನಂದಿ 1,478 ಮೀಟರ್, ಕುಮಾರಪರ್ವತ 1,712. ವ್ಯತ್ಯಾಸ ಬರೀ 234. ಆದ್ರೆ ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕುಕ್ಕೆ ಇರೋದು ಘಟ್ಟದ ಬುಡದಲ್ಲಿ. ಕಾಮರ್ಸ್ ಓದಿದವನ ಭಾಷೇಲಿ ಹೇಳೋದಾದ್ರೆ, ಕ್ಲೋಸಿಂಗ್ ಬ್ಯಾಲೆನ್ಸ್ ಒಂದನ್ನೇ ನೋಡಿ ಲಾಭ ಹೇಳೋಕಾಗಲ್ಲ. ಕುಕ್ಕೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರ್ ಏರು, ಅದೂ ಕಾಲ್ನಡಿಗೆಲಿ.

ಭಟ್ಟರ ಮನೆ ತನಕ ದಟ್ಟ ಕಾಡು, ನೆರಳು. ಅಲ್ಲಿಂದಾಚೆ ಹುಲ್ಲುಗಾವಲು, ಬಿಸಿಲು ನೇರ ನೆತ್ತಿಗೆ. ಜನ ಸುಸ್ತಾಗೋದು ಇಲ್ಲೇ. ಶೇಷಪರ್ವತ ಮುಟ್ಟಿದಾಗ ‘ಬಂದೇಬಿಡ್ತು’ ಅನ್ಸುತ್ತೆ. ಎಲ್ಲಿ ಬಂತು ಮಾರಾಯ್ರೆ! ಒಂದಿಷ್ಟು ಇಳಿದು ಮತ್ತೆ ಹತ್ತಬೇಕು.

ಒಂದೇ ದಿನದಲ್ಲಿ ಹೋಗಿಬರೋದಾದ್ರೆ, ವಾಪಸ್ ತಿರುಗೋ ಟೈಮ್ ಕೆಳಗಿರುವಾಗಲೇ ಫಿಕ್ಸ್ ಮಾಡಿ. ಮೇಲೆ ಹೋದ್ಮೇಲೆ ಯಾರೂ ಒಪ್ಪಲ್ಲ. ಶಿಖರದಲ್ಲಿ ಟೆಂಟ್ ಹಾಕೋ ಹಾಗಿಲ್ಲ. ಲೇಟಾದ್ರೆ ಕೊನೇ ಇಳಿಜಾರು ಸಿಗೋದು ಕಾಡಲ್ಲಿ, ಕತ್ತಲಲ್ಲಿ, ಅಷ್ಟೊತ್ತಿಗೆ ಮೊಣಕಾಲು ನಡುಗ್ತಿರುತ್ತೆ. ನಾನಾದ್ರೆ ಮಧ್ಯಾಹ್ನ 12ಕ್ಕೆ ಎಲ್ಲಿದ್ರೂ ತಿರುಗ್ತೀನಿ, ತುದಿ ಎದುರಿಗೇ ಕಾಣ್ತಿದ್ರೂ. ಆಮೇಲೆ, ಫೋನ್ ಟಾರ್ಚ್ ನಂಬಬೇಡಿ. ಚಾರ್ಜೆಲ್ಲ ರೀಲ್ಸ್‌ಗೇ ಖಾಲಿಯಾಗಿರುತ್ತೆ.