ಬೆಲ್ಲದೂರಿನ ಲೆಕ್ಕ, ಮಕ್ಕಳ ತೂಕ



ಅನಕಾಪಲ್ಲಿ ಅಂದರೆ ಆಂಧ್ರದವರಿಗೆ ಮೊದಲು ನೆನಪಾಗುವುದು ಬೆಲ್ಲ. 2022ರಲ್ಲಿ ಜಿಲ್ಲಾ ಕೇಂದ್ರವಾದ ಈ ಊರಿನ ಬೆಲ್ಲದ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಆ ಹೆಮ್ಮೆ ನಮ್ಮ ಮಂಡ್ಯದವರಿಗೆ ಚೆನ್ನಾಗಿ ಗೊತ್ತು. "ಸಕ್ಕರೆ ಬೇಡ, ಬೆಲ್ಲ ಎಷ್ಟಾದರೂ ತಿನ್ನು" ಅನ್ನೋ ಮಾತೂ ಎಲ್ಲ ಕಡೆ ಇದೆ.

ಆದರೆ ಲೆಕ್ಕ ಹಾಗಿಲ್ಲ. ಬೆಲ್ಲವಾಗಲಿ, ಸಕ್ಕರೆಯಾಗಲಿ, ಒಂದು ಗ್ರಾಂಗೆ ಸುಮಾರು 4 ಕ್ಯಾಲರಿ. 300 ಮಿಲಿ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಮಕ್ಕಳ ಕಣ್ಣಿಗೆ ಇದು ಕಾಣಲಿ ಎಂದೇ 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು. ನಿಮ್ಮ ಮನೆಯ ಫ್ರಿಜ್ ಮೇಲೂ ಒಂದು ಚೀಟಿ ಅಂಟಿಸಬಹುದಲ್ಲ?

ಈಗ ಮುಖ್ಯ ವಿಷಯ. ಮಗ ದಪ್ಪಗಾದ ಅಂತ ಮದುವೆಮನೆಯಲ್ಲಿ ಎಲ್ಲರೆದುರು "ಡುಮ್ಮ" ಅಂತೀವಿ. ನಗು ನಮಗೆ, ನೋವು ಅವನಿಗೆ. ಹೀಗೆ ಹಂಗಿಸಿಕೊಂಡ ಮಕ್ಕಳು ಆಟದ ಮೈದಾನದಿಂದ ದೂರ ಸರಿಯುತ್ತಾರೆ, ಕದ್ದು ತಿನ್ನುತ್ತಾರೆ. ತೂಕ ಇನ್ನೂ ಏರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಚಿಕ್ಕ ವಯಸ್ಸಿಗೇ ಹತ್ತಿರವಾಗುತ್ತವೆ.

ಒಳ್ಳೆಯ ಜೀವನಶೈಲಿ ತರಬೇತಿ ಮಗುವನ್ನು ಒಂಟಿಯಾಗಿ ಕೂರಿಸಿ ಉಪದೇಶ ಮಾಡುವುದಿಲ್ಲ, ಇಡೀ ಮನೆಯನ್ನು ಕೂರಿಸುತ್ತದೆ. ಅಪ್ಪ ಟಿವಿ ಮುಂದೆ ಚಿಪ್ಸ್ ತಿನ್ನುತ್ತಾ ಮಗಳಿಗೆ ಸೌತೆಕಾಯಿ ಕೊಟ್ಟರೆ ನಡೆಯುತ್ತದೆಯೇ?

ವಾರಕ್ಕೆ ಒಂದೇ ಬದಲಾವಣೆ ಸಾಕು. ಮೊದಲ ವಾರ ಕೋಲಾ ಬದಲು ಮಜ್ಜಿಗೆ. ಎರಡನೇ ವಾರ ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ, ಪಲ್ಯ ಜಾಸ್ತಿ. ಮೂರನೇ ವಾರ ಮೊಬೈಲ್ ಬೇಗ ಆಫ್. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆಮೇಲೆ ಆಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ. ಜಿಮ್ಮೇ ಆಗಬೇಕಿಲ್ಲ, ಕಬಡ್ಡಿ, ಸೈಕಲ್, ಡ್ಯಾನ್ಸ್ ಯಾವುದಾದರೂ ಸರಿ.

ಉಪವಾಸ ಹಾಕಿಸಬೇಡಿ, ಜಾಹೀರಾತಿನ ಪುಡಿ ಕೊಡಬೇಡಿ. ಇದು ಬೆಳೆಯುವ ವಯಸ್ಸು. ಎಷ್ಟೋ ಮಕ್ಕಳಿಗೆ ತೂಕ ಇಳಿಯಲೇಬೇಕೆಂದಿಲ್ಲ, ಎತ್ತರ ಏರುವಾಗ ತೂಕ ಅಲ್ಲೇ ನಿಂತರೂ ಗೆಲುವೇ. ನಿಮ್ಮ ಮಗುವಿಗೆ ಯಾವುದು ಸರಿ ಅನ್ನೋದನ್ನು ವಯಸ್ಸು, ಎತ್ತರ ನೋಡಿ ಮಕ್ಕಳ ವೈದ್ಯರು ಹೇಳಲಿ.

ಬೆಲ್ಲ ಹಬ್ಬಕ್ಕಿರಲಿ, ಹೋಳಿಗೆಯಲ್ಲಿರಲಿ. ದಿನಾ ಸಿಹಿ ಬೇಕಾದದ್ದು ನಮ್ಮ ಮಾತಿನಲ್ಲಿ. ಇವತ್ತು ರಾತ್ರಿ ಊಟಕ್ಕೆ ಮಕ್ಕಳ ಜೊತೆ ಕೂತು ಶುರು ಮಾಡ್ತೀರಲ್ಲ?