ಮನೆಮಾತಿನಲ್ಲಿ ಬಂದ ಆರೋಗ್ಯ

(ಶತಮಾನೋತ್ಸವದ ಅಂಗವಾಗಿ ನಡೆದ ಆರೋಗ್ಯ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಕಳೆದ ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರದ ರೋಗಿಗಳ ಸೇವೆಗೈದ ಗುರುಗಳನ್ನೂ ಧರ್ಮಭಗಿನಿಯರನ್ನೂ ವೈದ್ಯರನ್ನೂ ನಾವಿಂದು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅದು ಯುಕ್ತವೇ ಸರಿ. ಆದರೆ ಸ್ಮರಣ ಸಂಚಿಕೆಗಾಗಿ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ ಒಂದು ಪ್ರಶ್ನೆ ನನ್ನನ್ನು ಕಾಡಿತು. ಹೊರಗಿನಿಂದ ಬಂದು ಔಷಧವಿತ್ತವರ ಹೆಸರುಗಳೆಲ್ಲ ನಮ್ಮ ದಾಖಲೆಗಳಲ್ಲಿವೆ. ಆ ಔಷಧವನ್ನು ನಂಬಬಹುದೆಂದು ನೆರೆಹೊರೆಗೆ ತಿಳಿಹೇಳಿ, ರೋಗಿಯನ್ನು ಕೈಹಿಡಿದು ಕರೆತಂದ ಊರವರ ಹೆಸರುಗಳೆಲ್ಲಿ? ಈ ಪ್ರಶ್ನೆಯನ್ನು ಕುರಿತು ಚಿಂತಿಸುವಾಗ ದೂರದ ಅಮೆರಿಕದ ಓರ್ವ ಆದಿವಾಸಿ ಮಹಿಳೆಯ ಬಾಳು ನನಗೆ ನೆನಪಾಯಿತು. ಅದನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹಬ್ಬಿರುವ ಒಣಸೀಮೆ ನವಾಹೊ ಜನರ ನಾಡು. ಆನಿ ಡಾಜ್ ವಾನೆಕ ಅಲ್ಲಿ 1910ರಲ್ಲಿ ಜನಿಸಿ, ಕುರಿ ಕಾಯುತ್ತ ಬೆಳೆದರು. 1918ರ ಇನ್‌ಫ್ಲುಯೆಂಜಾ ಮಾರಿಯು ಅವರ ವಸತಿಶಾಲೆಗೂ ನುಗ್ಗಿತು. ತಾನು ಬೇಗನೆ ಚೇತರಿಸಿಕೊಂಡ ಆ ಎಂಟು ವರ್ಷದ ಬಾಲಕಿ, ಹಾಸಿಗೆ ಹಿಡಿದಿದ್ದ ಮಕ್ಕಳ ಆರೈಕೆಯಲ್ಲಿ ದಾದಿಗೆ ನೆರವಾದಳು. 1951ರಲ್ಲಿ ನವಾಹೊ ಜನಾಂಗದ ಆಡಳಿತ ಮಂಡಳಿಗೆ ಚುನಾಯಿತರಾದ ಬಳಿಕ ಆರೋಗ್ಯ ಸಮಿತಿಯ ಹೊಣೆ ಅವರ ಪಾಲಿಗೆ ಬಂತು.

ಆಗ ಆ ನಾಡನ್ನು ಕ್ಷಯರೋಗವು ತಿನ್ನುತ್ತಿತ್ತು. ಆಸ್ಪತ್ರೆಗಳಿದ್ದವು, ವೈದ್ಯರಿದ್ದರು, ಆದರೂ ರೋಗಿಗಳು ಚಿಕಿತ್ಸೆಯನ್ನು ಅರ್ಧದಲ್ಲೇ ತೊರೆದು ಮನೆ ಸೇರುತ್ತಿದ್ದರು. ಅವರು ಮೂಢರೆಂದು ಹೇಳಿಬಿಡುವುದು ಸುಲಭ. ಆದರೆ ಸಾವು ಸಂಭವಿಸಿದ ಮನೆಯನ್ನು ತೊರೆಯುವುದು ಅವರ ಸಂಪ್ರದಾಯ. ಅನೇಕರು ಪ್ರಾಣಬಿಟ್ಟ ಕಟ್ಟಡದಲ್ಲಿ ತಿಂಗಳುಗಟ್ಟಲೆ ಮಲಗಿರೆಂದರೆ ಅವರು ಹೇಗೆ ಒಪ್ಪಿಯಾರು? ಸಿಡಿಲು ಬಡಿದ ಮರದ ಸೋಂಕಿನಿಂದ ಈ ರೋಗ ಬರುತ್ತದೆಂಬ ನಂಬಿಕೆಯೂ ಅಲ್ಲಿತ್ತು. ಕಣ್ಣಿಗೆ ಕಾಣದ ರೋಗಾಣುವನ್ನು ವಿವರಿಸಲು ಅವರ ಭಾಷೆಯಲ್ಲಿ ಸಿದ್ಧವಾದ ಪದವಿರಲಿಲ್ಲ. ವೈದ್ಯರಿಗೋ ಆ ಭಾಷೆಯೇ ಬಾರದು.

ವಾನೆಕ ಮೊದಲು ತಾವೇ ವೈದ್ಯರ ಬಳಿ ರೋಗದ ಸ್ವರೂಪವನ್ನು ಅಭ್ಯಸಿಸಿದರು. ಆಮೇಲೆ ಹೋಗನ್ ಎಂಬ ಅವರ ಮನೆಗಳಿಗೆ ಒಂದೊಂದಾಗಿ ಹೋಗಿ, ಚಿಕಿತ್ಸೆ ತೊರೆದವರನ್ನು ಮರಳುವಂತೆ ಒಡಂಬಡಿಸಿದರು. ಪಾರಂಪರಿಕ ವೈದ್ಯರನ್ನು ಅವರು ಹೀಗಳೆಯಲಿಲ್ಲ. ಅವರೊಡನೆ ಕುಳಿತು ಚರ್ಚಿಸಿ, ಅವರ ಸಹಕಾರವನ್ನು ಗಳಿಸಿದರು. ವೈದ್ಯಕೀಯ ಪದಗಳಿಗೆ ನವಾಹೊ ಭಾಷೆಯಲ್ಲಿ ಸಮಾನಪದಗಳನ್ನು ರೂಪಿಸುವ ನಿಘಂಟಿನ ಕಾರ್ಯದಲ್ಲಿ ತೊಡಗಿದರು. ಆಕಾಶವಾಣಿಯ ಮೂಲಕ ತಮ್ಮವರೊಡನೆ ಮನೆಮಾತಿನಲ್ಲಿಯೇ ಆರೋಗ್ಯದ ವಿಚಾರಗಳನ್ನು ಮಾತಾಡಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ದೊರೆಯಿತು. 1997ರಲ್ಲಿ ಅವರು ನಿಧನರಾದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಕ್ಷಯಕ್ಕೆ ಇಂದಿಗೂ ಬಳಸುವ ಐಸೋನಿಯಾಜಿಡ್ ಔಷಧವನ್ನು 1952ರಲ್ಲಿ ಮೊದಮೊದಲು ಪರೀಕ್ಷಿಸಿದ ಸ್ಥಳಗಳಲ್ಲಿ ನವಾಹೊ ನಾಡಿನ ಟ್ಯೂಬಾ ಸಿಟಿಯ ಆಸ್ಪತ್ರೆಯೂ ಒಂದು. ನಮ್ಮೂರಿನಲ್ಲಿ ಆ ಮಾತ್ರೆಯಿಂದ ಗುಣಹೊಂದಿದವರು ಆ ಅನಾಮಿಕ ರೋಗಿಗಳಿಗೂ ಋಣಿಗಳು.

ಧರ್ಮಸಭೆಯವರಾದ ನಾವು ಆತ್ಮಶೋಧನೆ ಮಾಡಿಕೊಳ್ಳಬೇಕಾದ ಅಂಶವೂ ಈ ಕಥೆಯಲ್ಲಿದೆ. ಆ ನಾಡಿನ ಸೇಂಟ್ ಮೈಕಲ್ಸ್‌ನಲ್ಲಿ ನೆಲೆಸಿದ ಫ್ರಾನ್ಸಿಸ್ಕನ್ ಗುರುಗಳು ನವಾಹೊ ಭಾಷೆಯನ್ನು ಶ್ರಮಪಟ್ಟು ಕಲಿತು, 1910ರಲ್ಲಿ ಅದರ ನಿಘಂಟೊಂದನ್ನು ಪ್ರಕಟಿಸಿದರು. ಅದು ಸ್ತುತ್ಯ ಕಾರ್ಯ. ಆದರೆ ಗ್ರಂಥದ ಮೇಲೆ ಮುದ್ರಿತವಾದುದು ಗುರುಗಳ ಹೆಸರು. ಒಂದೊಂದು ಪದವನ್ನೂ ಬಾಯಿಬಿಟ್ಟು ಕಲಿಸಿದವರು ನವಾಹೊ ಜನರು. ಅವರಿಲ್ಲದೆ ಗುರುಗಳು ಏನನ್ನು ಬರೆಯಬಲ್ಲವರಾಗಿದ್ದರು?

ನಮ್ಮ ನಾಡಿನಲ್ಲಿಯೂ ಈ ಸತ್ಯ ಪ್ರಕಟವಾಗಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗ ಯುವತಿಯರಿಗೇ ದಾದಿಯರ ತರಬೇತಿಯನ್ನಿತ್ತಿತು. ಪೋಡಿನ ಮಗಳೇ ದಾದಿಯಾಗಿ ಬಂದಾಗ ರೋಗಿಗೆ ದುಭಾಷಿಯ ಅಗತ್ಯವಿಲ್ಲ, ಅಂಜಿಕೆಯೂ ಇಲ್ಲ.

ಪ್ರಿಯರೇ, ದಯಾಳು ಸಮಾರಿಯದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಅವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಮರುದಿನ ತನ್ನ ದಾರಿ ಹಿಡಿದನು. ಅನಂತರ ಆ ಗಾಯಾಳುವನ್ನು ನೋಡಿಕೊಂಡವನು ಛತ್ರದ ಯಜಮಾನ. ಅವನನ್ನು ನಾವು ಹೊಗಳುವುದು ವಿರಳ. ನಮ್ಮ ಧರ್ಮಕೇಂದ್ರದಲ್ಲಿಯೂ ಅಂಥವರಿದ್ದರು: ನಡುರಾತ್ರಿ ಲಾಟೀನು ಹಿಡಿದು ನಡೆದ ಸೂಲಗಿತ್ತಿಯರು, ಔಷಧಾಲಯದಲ್ಲಿ ಧರ್ಮಭಗಿನಿಯರಿಗೂ ರೋಗಿಗಳಿಗೂ ನಡುವೆ ಮಾತಿನ ಸೇತುವೆಯಾಗಿದ್ದ ಆಯಾಗಳು, ಕಾಡಿನ ಗಿಡಮೂಲಿಕೆಗಳನ್ನು ಬಲ್ಲ ಹಿರಿಯರು. ನಾನು ಸಿದ್ಧಪಡಿಸಿದ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಇದು ನನ್ನ ತಪ್ಪೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿರಿ. ಅಂಥವರ ಹೆಸರುಗಳನ್ನು ಬರೆದು ತಂದುಕೊಡಿರಿ. ಅವರು ಯಾವ ಮತದವರಾಗಿರಲಿ, ಯಾವ ಕೇರಿಯವರಾಗಿರಲಿ, ಗುರುಗಳ ಹೆಸರುಗಳು ಅಚ್ಚಾಗುವ ಪುಟದಲ್ಲಿಯೇ ಅವರ ಹೆಸರುಗಳೂ ಅಚ್ಚಾಗಲಿ. ಆಗ ನಮ್ಮ ಶತಮಾನೋತ್ಸವದ ಕೃತಜ್ಞತೆ ಪೂರ್ಣವಾದೀತು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.