‘ನೋಟ್ 7 ನೋಡಿ’ ಅಂದ್ರೆ ಯಾವ 7?

ಇವತ್ತಿನದು ಸಣ್ಣ ವಿಷಯ. ಆದ್ರೆ ನನ್ನ ನಿದ್ದೆ ಕೆಡಿಸಿದ ವಿಷಯ.

ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಹತ್ರ ಕೆಲಸಕ್ಕೆ ಸೇರಿದ್ದೆ. ಬ್ಯಾಲೆನ್ಸ್ ಶೀಟ್ ನೋಡಿದ್ರೆ ಗೊತ್ತಿರುತ್ತೆ, ಮೊತ್ತದ ಪಕ್ಕ ‘ನೋಟ್ ನಂ.’ ಅಂತ ಒಂದು ಕಾಲಂ ಇರುತ್ತೆ. ಅದು ಅಲಂಕಾರಕ್ಕಲ್ಲ. 2013ರ ಕಂಪನಿ ಕಾಯ್ದೆಯ 3ನೇ ಶೆಡ್ಯೂಲ್ ಪ್ರಕಾರ, ಅಲ್ಲಿನ ಪ್ರತಿ ಬಾಬ್ತನ್ನೂ ಅದರ ಟಿಪ್ಪಣಿಗೆ ಜೋಡಿಸಲೇಬೇಕು.

ಆ ನಂಬರ್‌ಗಳನ್ನೆಲ್ಲ ನಾನು ವರ್ಡ್‌ನಲ್ಲಿ ಕೈಯಲ್ಲೇ ಟೈಪ್ ಮಾಡಿದ್ದೆ. ಕೊನೇ ದಿನ ಸಂಜೆ ನಡುವೆ ಒಂದು ಹೊಸ ನೋಟ್ ಸೇರಿಸಬೇಕಾಯ್ತು. 7 ಇದ್ದದ್ದು 8 ಆಯ್ತು, 8 ಇದ್ದದ್ದು 9. ಒಂದೊಂದಾಗಿ ತಿದ್ದಿದೆ. ಒಂದು ತಪ್ಪಿಹೋಯ್ತು, ಅದೂ ಸಾಲದ ಬಾಬ್ತಿನದು. ಬ್ಯಾಂಕಿನವರು ‘ಸಾಲದ ವಿವರ ಎಲ್ಲಿ?’ ಅಂತ ಫೈಲ್ ವಾಪಸ್ ಕಳಿಸಿದ್ರು. ಕ್ಲೈಂಟ್‌ಗೆ ಬರಬೇಕಿದ್ದ ಲೋನ್ ಒಂದು ವಾರ ತಡ. ಅವರು ಕೆಲಸದವರಿಗೆ ಸಂಬಳ ಕೊಡೋಕೆ ಕಾಯ್ತಿದ್ದ ದುಡ್ಡು ಅದು. ನಮ್ಮ ಸರ್ ಬೈಲಿಲ್ಲ. ‘ಲೆಕ್ಕ ಸರಿ ಇದೆ, ದಾರಿ ತಪ್ಪಿದೆ’ ಅಂದ್ರು ಅಷ್ಟೆ.

ಆಮೇಲೆ ಕಲಿತೆ. ಮೊದಲು ನೋಟ್‌ಗಳ ತಲೆಬರಹಕ್ಕೆ ಆಟೊಮ್ಯಾಟಿಕ್ ನಂಬರಿಂಗ್ ಕೊಡಿ. ನಂತರ ‘ರೆಫರೆನ್ಸಸ್’ ಟ್ಯಾಬ್‌ಗೆ ಹೋಗಿ ‘ಕ್ರಾಸ್ ರೆಫರೆನ್ಸ್’ ಒತ್ತಿ, ಬೇಕಾದ ನೋಟ್ ಆರಿಸಿ. ಒಂದೇ ಅಡಿಟಿಪ್ಪಣಿಯನ್ನು ಎರಡು ಕಡೆ ತೋರಿಸಬೇಕಾ? ಮತ್ತೆ ಬರೀಬೇಡಿ, ಅಲ್ಲೇ ‘ಫುಟ್‌ನೋಟ್’ ಆರಿಸಿ. ಒಂದು ಪ್ಯಾರಾನೇ ತೋರಿಸಬೇಕಾ? ಅದನ್ನು ಸೆಲೆಕ್ಟ್ ಮಾಡಿ ‘ಬುಕ್‌ಮಾರ್ಕ್’ ಹೆಸರು ಕೊಡಿ, ಹೆಸರಲ್ಲಿ ಸ್ಪೇಸ್ ಬೇಡ. ಪುಟದ ನಂಬರ್ ಕೂಡ ತಾನೇ ಬರುತ್ತೆ. ದುಡ್ಡು ಕೊಡದೆ ಸಿಗೋ ಲಿಬ್ರೆಆಫೀಸ್‌ನಲ್ಲೂ ಇನ್ಸರ್ಟ್ ಮೆನುವಿನಲ್ಲಿ ಇದೇ ಸೌಲಭ್ಯ ಇದೆ.

ಒಂದು ಎಚ್ಚರಿಕೆ. ನೀವು ನೋಟ್ ಸೇರಿಸಿದ ತಕ್ಷಣ ಈ ಕೊಂಡಿಗಳು ಬದಲಾಗಲ್ಲ. ವರ್ಡ್‌ನಲ್ಲಿ ಕಂಟ್ರೋಲ್-ಎ, ಆಮೇಲೆ ಎಫ್9 ಒತ್ತಬೇಕು. ಅಡಿಟಿಪ್ಪಣಿಗಳ ಒಳಗೆ ಕೊಂಡಿ ಇದ್ರೆ, ಅಲ್ಲಿ ಕ್ಲಿಕ್ ಮಾಡಿ ಇನ್ನೊಮ್ಮೆ ಇದನ್ನೇ ಮಾಡಿ. ತೋರಿಸಿದ ಜಾಗವನ್ನೇ ಅಳಿಸಿದ್ರೆ ಆಗ ‘ಎರರ್!’ ಅಂತ ದಪ್ಪಕ್ಷರದಲ್ಲಿ ಬರುತ್ತೆ. ಬರಲಿ ಬಿಡಿ, ಒಳ್ಳೇದೇ. ಕೈಯಲ್ಲಿ ಬರೆದ ತಪ್ಪು 7 ಯಾರಿಗೂ ಕೂಗಿ ಹೇಳಲ್ಲ, ಸುಮ್ಮನೆ ಸರಿಯಾದ ನಂಬರ್ ಥರಾನೇ ಕೂತಿರುತ್ತೆ.

ಪ್ರಾಜೆಕ್ಟ್ ರಿಪೋರ್ಟ್ ಬರೀತಿರೋ ಗೆಳೆಯರಿದ್ರೆ ಇದನ್ನ ಕಳಿಸಿ. ಪಿಡಿಎಫ್ ಮಾಡೋ ಮುಂಚೆ ಒಂದ್ಸಲ ಎಫ್9. ಮುಂದಿನ ವಾರ ಸಿಗೋಣ.